ಜಪಾನ್‌ಗೆ ಮುಂಚೆ ಕೊಕ್ಕರೆ ಬೆಳ್ಳೂರು



ಬೆಂಗಳೂರಲ್ಲಿರೋ ಗೆಳೆಯ ಜಪಾನ್ ಹಳ್ಳಿಗಳ ರೀಲ್ಸ್ ಕಳಿಸಿ, ‘ನಿಮ್ ಮಂಡ್ಯದಲ್ಲಿ ಏನೈತೆ ಮಗಾ?’ ಅಂತ ರೇಗಿಸ್ತಿದ್ದ. ಫೆಬ್ರವರಿಯ ಒಂದು ಶನಿವಾರ ಅವನನ್ನ ಕರೆಸಿ ಬೈಕ್ ಹತ್ತಿಸಿಕೊಂಡೆ.

ಎಕ್ಸ್‌ಪ್ರೆಸ್‌ವೇ ಬಿಟ್ಟು ಹಳೇ ರೋಡಲ್ಲಿ ಮದ್ದೂರಿಗೆ ಹೋಗಿ ವಡೆ ತಿಂದು, ಕೊಕ್ಕರೆ ಬೆಳ್ಳೂರು ಸೇರಿದ್ವಿ. ಮನೆಗಳ ಮಧ್ಯೆ ಇರೋ ಹುಣಸೆ ಮರಗಳ ತುಂಬ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳ ಗೂಡು. ಗೆಳೆಯ ಡ್ರೋನ್ ಹೊರಗೆ ತೆಗೆದ. ಜಗುಲಿ ಮೇಲಿದ್ದ ಅಜ್ಜಿ, ‘ಬಾಣಂತನಕ್ಕೆ ತವರಿಗೆ ಬಂದಿರೋ ಹೆಣ್ಮಕ್ಳು ಕಣಪ್ಪ, ಹೆದರಿಸ್ಬ್ಯಾಡಿ’ ಅಂದ್ರು. ಗೂಡಿರೋ ಮರದ ಹುಣಸೆಹಣ್ಣು ಅವರು ಬಡಿಯಲ್ವಂತೆ. ಬಿ.ಕಾಂ. ಓದಿರೋ ನನಗೆ ಮೊದಲು ಹೊಳೆದಿದ್ದೇ ನಷ್ಟದ ಲೆಕ್ಕ. ಅಜ್ಜಿಗೆ ಅದು ಲೆಕ್ಕಕ್ಕೇ ಇಲ್ಲ. 2007ರಲ್ಲಿ ಸರ್ಕಾರ ಇದನ್ನ ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿತು. ಆದ್ರೆ ಹಕ್ಕಿ ಕಾಯೋದು ಊರಿನವರಿಗೆ ಅದಕ್ಕೂ ಎಷ್ಟೋ ಹಿಂದಿನಿಂದ ಬಂದಿದ್ದು. ಡ್ರೋನ್ ವಾಪಸ್ ಬ್ಯಾಗಿಗೆ ಹೋಯ್ತು.

ಭಾನುವಾರ ಮಳವಳ್ಳಿ ದಾಟಿ ಗಗನಚುಕ್ಕಿಗೆ ಹೋದ್ವಿ. ನೀರಿಗಿಂತ ಬಂಡೆನೇ ಜಾಸ್ತಿ. ‘ಇಷ್ಟೇನಾ?’ ಅಂದ. ಜಲಪಾತ ತುಂಬಿ ಬೀಳೋದು ನೋಡ್ಬೇಕಂದ್ರೆ ಮಳೆಗಾಲದಲ್ಲಿ ಬರ್ಬೇಕು. ಇಲ್ಲಿನ ಕಾವೇರಿ ನೀರು ಶಿವನಸಮುದ್ರದ ವಿದ್ಯುತ್ ಕೇಂದ್ರಕ್ಕೂ ಹೋಗುತ್ತೆ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಗಿದ್ದು ಇಲ್ಲಿಂದ್ಲೇ.

ವಾಪಸ್ ಬರ್ತಾ ಗೆಳೆಯ ಜಪಾನ್ ಮಾತೇ ಎತ್ತಲಿಲ್ಲ. ‘ಆ ಅಜ್ಜಿ ಹುಣಸೆಹಣ್ಣು ಎಲ್ಲಿಂದ ತರ್ತಾರೋ?’ ಅಂದ. ನನ್ನ ಹತ್ರ ಉತ್ತರ ಇರ್ಲಿಲ್ಲ.

ನೀವೂ ಹೋಗಿ, ಸದ್ದು ಮಾಡ್ದೆ ನೋಡ್ಕೊಂಡು ಬನ್ನಿ. ಮುಂದಿನ ವಾರ ಸಿಗೋಣ.