ಸಾಂತಾ ಫೆಯಲ್ಲಿ ಮನೆ ಎಲ್ಲಿ ಮಾಡೋಣ?



ಭೂಗೋಳದ ಪಾಠದಲ್ಲಿ ನೀವು ನಕ್ಷೆ ಓದುವುದನ್ನು ಕಲಿಯುತ್ತೀರಿ. ಬೆಟ್ಟ ಯಾವುದು, ನದಿ ಯಾವುದು, ರೈಲು ಮಾರ್ಗ ಯಾವುದು ಎಂದು ಗುರುತಿಸಿ ಬಣ್ಣ ತುಂಬುತ್ತೀರಿ. ಈ ವಿದ್ಯೆ ಪರೀಕ್ಷೆಯ ಅಂಕಗಳಿಗೆ ಮಾತ್ರ ಮೀಸಲಲ್ಲ. ಮುಂದೆ ಮನೆ ಮಾಡುವಾಗಲೂ ಬೇಕಾಗುತ್ತದೆ. ಅದು ಹೇಗೆ ಎಂಬುದನ್ನು ಇಂದು ಒಂದು ದೂರದ ಊರಿನ ಉದಾಹರಣೆಯಿಂದ ನೋಡೋಣ. ಅಮೆರಿಕದ ನೈಋತ್ಯ ಭಾಗದಲ್ಲಿ ನ್ಯೂ ಮೆಕ್ಸಿಕೊ ಎಂಬ ರಾಜ್ಯವಿದೆ. ಅದರ ರಾಜಧಾನಿ ಸಾಂತಾ ಫೆ. ಆ ಊರಿನ ಒಂದು ಶಾಲೆಯಲ್ಲಿ ನಿಮಗೆ ಶಿಕ್ಷಕರ ಕೆಲಸ ಸಿಕ್ಕಿದೆ ಎಂದು ಭಾವಿಸಿಕೊಳ್ಳಿ. ಸಂಬಳ ಸಾಧಾರಣ. ಊರು ಹೊಸದು. ಕೈಯಲ್ಲಿ ಒಂದು ನಕ್ಷೆಯಿದೆ. ಯಾವ ಬಡಾವಣೆಯಲ್ಲಿ ಮನೆ ಮಾಡುತ್ತೀರಿ?

ಮೊದಲು ಊರಿನ ಪರಿಚಯ ಮಾಡಿಕೊಳ್ಳೋಣ. ಸಾಂತಾ ಫೆ ಸಮುದ್ರ ಮಟ್ಟದಿಂದ ಸುಮಾರು 7,000 ಅಡಿ ಎತ್ತರದಲ್ಲಿದೆ. ಪೂರ್ವಕ್ಕೆ ಸಾಂಗ್ರೆ ದೆ ಕ್ರಿಸ್ತೊ ಪರ್ವತಗಳು, ಪಶ್ಚಿಮಕ್ಕೆ ರಿಯೊ ಗ್ರಾಂದೆ ನದಿಯ ಕಣಿವೆ. 2020ರ ಜನಗಣತಿಯಂತೆ ಜನಸಂಖ್ಯೆ ಸುಮಾರು 87 ಸಾವಿರ. ಈ ನೆಲದಲ್ಲಿ ಮೊದಲು ಬಾಳಿದವರು ಪುಯೆಬ್ಲೊ ಜನ. ಸ್ಪೇನಿನವರು 1610ರ ಸುಮಾರಿಗೆ ಇಲ್ಲಿ ರಾಜಧಾನಿ ಕಟ್ಟಿದರು. 1680ರಲ್ಲಿ ಪುಯೆಬ್ಲೊ ಜನ ದಂಗೆಯೆದ್ದು ಅವರನ್ನು ಓಡಿಸಿ, ಹನ್ನೆರಡು ವರ್ಷ ಊರನ್ನು ತಮ್ಮ ಕೈಯಲ್ಲಿ ಇಟ್ಟುಕೊಂಡಿದ್ದರು. ಬಳಿಕ ಸ್ಪೇನ್, 1821ರಿಂದ ಮೆಕ್ಸಿಕೊ, 1846ರಿಂದ ಅಮೆರಿಕ ಹೀಗೆ ಧ್ವಜಗಳು ಬದಲಾದವು. ನ್ಯೂ ಮೆಕ್ಸಿಕೊ ಪೂರ್ಣ ರಾಜ್ಯವಾದದ್ದು 1912ರಲ್ಲಿ.

ಈ ಊರು ಹಳೆಯದಾಗಿಯೇ ಉಳಿದದ್ದು ಹೇಗೆ? ಇದಕ್ಕೆ ರೈಲು ಮಾರ್ಗ ಒಂದು ಕಾರಣ. ಊರಿನ ಹೆಸರನ್ನೇ ಹೊತ್ತ ದೊಡ್ಡ ರೈಲ್ವೆ ಕಂಪನಿಯ ಮುಖ್ಯ ಮಾರ್ಗ ಈ ಊರಿಗೆ ಬರಲಿಲ್ಲ. ಬೆಟ್ಟದ ಏರು ಕಷ್ಟವೆಂದು ಅದು ದಕ್ಷಿಣದ ಲೇಮಿ ಎಂಬ ಹಳ್ಳಿಯ ಮೂಲಕ ಹಾದುಹೋಯಿತು. 1880ರಲ್ಲಿ ಸಾಂತಾ ಫೆಗೆ ಸಿಕ್ಕಿದ್ದು ಒಂದು ಕವಲು ಹಳಿ ಮಾತ್ರ. ವ್ಯಾಪಾರ ಆಲ್ಬುಕರ್ಕಿಯ ಕಡೆಗೆ ಹರಿಯಿತು. ಆಗ ಊರಿನ ಹಿರಿಯರು ಕುಳಿತು ಯೋಚಿಸಿದರು. ಕಾರ್ಖಾನೆ ಬಾರದಿದ್ದರೆ ಬೇಡ, ಹಳತನವನ್ನೇ ಬಂಡವಾಳ ಮಾಡಿಕೊಳ್ಳೋಣ ಎಂದು 1912ರಲ್ಲಿ ಒಂದು ನಗರ ಯೋಜನೆ ತಯಾರಿಸಿದರು. ಬೀದಿಗಳ ಹಳೆಯ ಅಂಕುಡೊಂಕನ್ನು ಉಳಿಸಬೇಕೆಂಬುದು ಅದರಲ್ಲಿದ್ದ ಮುಖ್ಯ ಮಾತು. 1957ರಲ್ಲಿ ಕಾನೂನೇ ಬಂತು. ಊರಿನ ಹಳೆಯ ಭಾಗದಲ್ಲಿ ಯಾರೇ ಮನೆ ಕಟ್ಟಲಿ, ಅದು ಅಲ್ಲಿನ ಹಳೆಯ ಶೈಲಿಗೆ ಒಪ್ಪುವಂತಿರಬೇಕು ಎಂದಾಯಿತು.

ಆ ಶೈಲಿ ಯಾವುದು? ಜೇಡಿ, ಮರಳು, ಹುಲ್ಲು ಕಲಸಿ ಬಿಸಿಲಿನಲ್ಲಿ ಒಣಗಿಸಿದ ಇಟ್ಟಿಗೆಯ ದಪ್ಪ ಗೋಡೆ. ಮೇಲೆ ದುಂಡು ಮರದ ತೊಲೆ. ಅದರ ಮೇಲೆ ಚಪ್ಪಟೆ ಮಾಳಿಗೆ. ನಮ್ಮ ಉತ್ತರ ಕರ್ನಾಟಕದ ಮಾಳಿಗೆ ಮನೆಗಳನ್ನು ಕಂಡವರಿಗೆ ಇದರ ಗುಣ ಕೂಡಲೇ ತಿಳಿಯುತ್ತದೆ. ಹಗಲಿನ ಬಿಸಿಯನ್ನು ಗೋಡೆ ಹೀರಿಕೊಂಡು ರಾತ್ರಿ ನಿಧಾನವಾಗಿ ಒಳಗೆ ಬಿಡುತ್ತದೆ. ಆದರೆ ನೀರು ಈ ಗೋಡೆಯ ಶತ್ರು. ಮಣ್ಣಿನ ಗಿಲಾವನ್ನು ಕೆಲವು ವರ್ಷಗಳಿಗೊಮ್ಮೆ ಹೊಸದಾಗಿ ಬಳಿಯಬೇಕು. ಕೆಲಸ ಉಳಿಯಿತೆಂದು ಸಿಮೆಂಟ್ ಗಿಲಾವು ಮಾಡಿದರೆ, ಅದರ ಬಿರುಕಿನಿಂದ ಒಳಹೊಕ್ಕ ತೇವ ಹೊರಬರಲಾರದೆ ಗೋಡೆಯನ್ನು ಬುಡದಿಂದಲೇ ಕರಗಿಸುತ್ತದೆ. ಆದ್ದರಿಂದ ಹಳೆಯ ಮನೆ ನೋಡಲು ಹೋದಾಗ ಅದರ ಅಂದಕ್ಕೆ ಮರುಳಾಗಬೇಡಿ. ಮಾಳಿಗೆಯ ನೀರನ್ನು ಹೊರಹಾಕುವ ದೋಣಿಗಳು ಸರಿಯಾಗಿವೆಯೇ, ಗೋಡೆಯ ಬುಡ ಒಣಗಿದೆಯೇ ಎಂದು ನೋಡಿ. ಇನ್ನೊಂದು ವಿಷಯ: ಮಣ್ಣಿನ ಮನೆಯಂತೆ ಕಾಣುವ ಎಷ್ಟೋ ಮನೆಗಳು ಒಳಗೆ ಮರದ ಚೌಕಟ್ಟಿನವು. ಹೊರಗಿನ ಬಣ್ಣ ಮಾತ್ರ ಮಣ್ಣಿನದು. ಕಾನೂನು ರೂಪವನ್ನು ಕಾಯಬಲ್ಲದು, ತಿರುಳನ್ನು ಕಾಯುವುದು ಕಷ್ಟ.

ಈಗ ನಕ್ಷೆಯಲ್ಲಿ ನೀರನ್ನು ಹುಡುಕೋಣ. ಪೂರ್ವದ ಬೆಟ್ಟದಿಂದ ಸಾಂತಾ ಫೆ ನದಿ ಇಳಿದು ಬರುತ್ತದೆ. ಅದರ ದಡದಲ್ಲೇ ಮೇಲಕ್ಕೆ ಹೋಗುವ ಹಾದಿ ಕ್ಯಾನ್ಯನ್ ರಸ್ತೆ. ಸಮೀಪದಲ್ಲೇ 'ತಾಯಿ ಕಾಲುವೆ' ಎಂಬ ಅರ್ಥದ ಅಸೆಕಿಯಾ ಮಾದ್ರೆ. ಸ್ಪೇನಿನವರ ಕಾಲದಿಂದ ಹೊಲಗಳಿಗೆ ನೀರುಣಿಸಿದ ಕಾಲುವೆ ಅದು. ಇಂಥ ಕಾಲುವೆಗಳನ್ನು ನೋಡಿಕೊಳ್ಳುವವನಿಗೆ ಅಲ್ಲಿ ಮಯೊರ್ದೊಮೊ ಎನ್ನುತ್ತಾರೆ. ನಮ್ಮ ಕೆರೆ ಬಯಲಿನ ನೀರಗಂಟಿಯ ಕೆಲಸವೇ ಅವನದು: ಯಾರಿಗೆ ಎಷ್ಟು ಹೊತ್ತು ನೀರು ಎಂದು ಸರದಿಯಂತೆ ಹಂಚುವುದು. ವಸಂತದಲ್ಲಿ ನೀರಿನ ಹಕ್ಕುದಾರರೆಲ್ಲ ಸೇರಿ ಕಾಲುವೆಯ ಹೂಳೆತ್ತಬೇಕು. ಹೊಲಗಳ ಜಾಗದಲ್ಲಿ ಇಂದು ಮನೆಗಳೆದ್ದಿವೆ. 1920ರ ದಶಕದಲ್ಲಿ ಅಗ್ಗದ ಬಾಡಿಗೆಗೆಂದು ಚಿತ್ರಕಾರರು ಈ ಭಾಗಕ್ಕೆ ಬಂದು ನೆಲೆಸಿದರು. ಈಗ ಕ್ಯಾನ್ಯನ್ ರಸ್ತೆಯಲ್ಲಿ ಸಾಲು ಸಾಲು ಚಿತ್ರಶಾಲೆಗಳಿವೆ. ಬಡ ಚಿತ್ರಕಾರನೊಬ್ಬ ಇಂದು ಅಲ್ಲಿ ಕೋಣೆ ಹಿಡಿಯುವುದು ಕನಸಿನ ಮಾತು.

ಇದೇ ನದಿಯ ಕೆಳಭಾಗಕ್ಕೆ ಬನ್ನಿ. ಪಶ್ಚಿಮಕ್ಕೆ ಆಗ್ವಾ ಫ್ರಿಯಾ ಎಂಬ ಹಳ್ಳಿಯಿದೆ. ಆ ಹೆಸರಿನ ಅರ್ಥ 'ತಣ್ಣೀರು'. ಆದರೆ ಅಲ್ಲಿ ನದಿ ವರ್ಷದ ಬಹುಪಾಲು ಬರಿ ಮರಳು. ಮೇಲಿನ ಕಣಿವೆಯ ಎರಡು ಜಲಾಶಯಗಳು ನೀರನ್ನು ನಗರದ ನಲ್ಲಿಗಳಿಗೆ ಹಿಡಿದಿಟ್ಟುಕೊಂಡಿವೆ. 2007ರಲ್ಲಿ ಒಂದು ಪರಿಸರ ಸಂಸ್ಥೆ ಇಡೀ ದೇಶದಲ್ಲಿ ಅತ್ಯಂತ ಅಪಾಯಕ್ಕೊಳಗಾದ ನದಿಯೆಂದು ಇದನ್ನೇ ಹೆಸರಿಸಿತು. ರಿಯೊ ಗ್ರಾಂದೆಯಿಂದ ನೀರೆತ್ತುವ ಯೋಜನೆ 2011ರಲ್ಲಿ ಆರಂಭವಾಯಿತು. ಮರುವರ್ಷ ನಗರಸಭೆ, ಪ್ರತಿ ವರ್ಷ ಒಂದಿಷ್ಟು ನೀರನ್ನು ನದಿಯ ಪಾಲಿಗೆಂದೇ ಬಿಡಬೇಕು ಎಂದು ನಿಯಮ ಮಾಡಿತು. ಮೇಲಿನವರ ನಲ್ಲಿ ತಿರುಗಿದಾಗ ಕೆಳಗಿನವರ ನದಿ ಒಣಗುತ್ತದೆ. ನಕ್ಷೆಯ ನೀಲಿ ಗೆರೆ ಈ ಸಂಗತಿಯನ್ನು ನಿಮಗೆ ಹೇಳುವುದಿಲ್ಲ, ನೀವೇ ಕೇಳಿ ತಿಳಿಯಬೇಕು.

'ಊರಿನ ಗದ್ದಲ ಬೇಡ, ಬಯಲಿನಲ್ಲಿ ಇರೋಣ' ಎನ್ನುತ್ತೀರಾ? ಆಗ್ನೇಯಕ್ಕೆ ಎಲ್ಡೊರಾಡೊ ಎಂಬ ಬಡಾವಣೆಯಿದೆ. 1970ರ ದಶಕದಲ್ಲಿ ದನಗಳ ಹುಲ್ಲುಗಾವಲನ್ನು ವಿಭಾಗಿಸಿ ಮಾಡಿದ್ದು. ಬಿಸಿಲಿನ ಶಾಖವನ್ನೇ ಹಿಡಿದು ಮನೆ ಬೆಚ್ಚಗಿಡುವ ವಿನ್ಯಾಸಗಳಿಗೆ ಅದು ಹೆಸರಾಗಿದೆ. ಅಲ್ಲಿನ ನೀರು ಕೊಳವೆ ಬಾವಿಗಳದು. ಮಳೆ ಕಡಿಮೆಯಾದ ನಾಡಿನಲ್ಲಿ ಬಾವಿಯ ಆಳವನ್ನು ವಿಚಾರಿಸದೆ ಮನೆ ಕೊಳ್ಳಬಾರದು. ಬಯಲಿನಲ್ಲಿ ಇನ್ನೂ ಮೂರು ವಿಷಯ ಗಮನಿಸಬೇಕು. ಒಂದು, ಒಣ ಹಳ್ಳಗಳು. ಜುಲೈ, ಆಗಸ್ಟ್ ತಿಂಗಳ ಗುಡುಗು ಮಳೆಗೆ ಅವು ಗಳಿಗೆಯಲ್ಲಿ ಉಕ್ಕಿ ಹರಿಯುತ್ತವೆ. ಎರಡು, ಇಳಿಜಾರಿನ ದಿಕ್ಕು. ಉತ್ತರಕ್ಕೆ ಮುಖ ಮಾಡಿದ ದಾರಿಯಲ್ಲಿ ಚಳಿಗಾಲದ ಮಂಜುಗಡ್ಡೆ ಬೇಗ ಕರಗುವುದಿಲ್ಲ. ಮೂರು, ಬೆಂಕಿ. ನೆರೆಯ ಲಾಸ್ ಅಲಾಮೋಸ್‌ನಲ್ಲಿ 2000ದ ಕಾಡ್ಗಿಚ್ಚು ನೂರಾರು ಕುಟುಂಬಗಳ ಮನೆ ಸುಟ್ಟಿತು. 2022ರಲ್ಲಿ ಪರ್ವತದ ಆಚೆ ಬದಿಗೆ ರಾಜ್ಯದ ಇತಿಹಾಸದಲ್ಲೇ ದೊಡ್ಡದಾದ ಕಾಡ್ಗಿಚ್ಚು ಹಬ್ಬಿತು. ಮರಗಳ ನಡುವಿನ ಮನೆ ಎಷ್ಟು ಸುಂದರವೋ ಅಷ್ಟೇ ಅಪಾಯದ್ದು.

ನೆಲಕ್ಕೆ ನೆನಪೂ ಇರುತ್ತದೆ. ಊರಿನ ವಾಯವ್ಯದಲ್ಲಿ ಕಾಸಾ ಸೊಲಾನಾ ಎಂಬ ನೆಮ್ಮದಿಯ ಬಡಾವಣೆಯಿದೆ. ಮನೆಗಳು ಚಿಕ್ಕವು, ಗಟ್ಟಿಮುಟ್ಟಾದವು, 1950ರ ದಶಕದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲೊಂದು ಬಂಧನ ಶಿಬಿರವಿತ್ತು. ಜಪಾನೀ ಮೂಲದ ನಾಲ್ಕು ಸಾವಿರಕ್ಕೂ ಹೆಚ್ಚು ಗಂಡಸರನ್ನು, ಯಾವ ಅಪರಾಧವೂ ಸಾಬೀತಾಗದೆ, ಅಲ್ಲಿ ಕೂಡಿಹಾಕಿದ್ದರು. ಅದರ ನೆನಪಿಗೆ ಒಂದು ಕಲ್ಲು ನಿಲ್ಲಿಸುವ ಮಾತು ಬಂದಾಗ ಊರಿನಲ್ಲಿ ವಿರೋಧವೆದ್ದಿತು. ಜಪಾನೀ ಸೈನ್ಯದ ಸೆರೆಯಲ್ಲಿ ನರಳಿದ ನ್ಯೂ ಮೆಕ್ಸಿಕೊದ ಸೈನಿಕರ ನೋವೂ ಸುಳ್ಳಾಗಿರಲಿಲ್ಲ. ಕೊನೆಗೆ 2002ರಲ್ಲಿ ಕಲ್ಲನ್ನು ನಿಲ್ಲಿಸಿದರು. ಅಲ್ಲಿ ಮನೆ ಮಾಡಬಾರದೆಂದು ನಾನು ಹೇಳುತ್ತಿಲ್ಲ. ಮಾಡುವವರು ಆ ಕಲ್ಲಿನ ಬರಹವನ್ನು ಒಮ್ಮೆ ನಿಂತು ಓದಬೇಕು.

ಇನ್ನು ಹಣದ ಪ್ರಶ್ನೆ. ಊರಿನ ಹಳೆಯ ಭಾಗದ ಮನೆ ಶಿಕ್ಷಕರ ಸಂಬಳಕ್ಕೆ ಎಟುಕುವುದಿಲ್ಲ. ಹೊರ ರಾಜ್ಯಗಳ ಶ್ರೀಮಂತರು ವರ್ಷದಲ್ಲಿ ಕೆಲವು ವಾರ ಇರಲೆಂದು ಅಲ್ಲಿ ಮನೆ ಕೊಳ್ಳುತ್ತಾರೆ. ದೀಪ ಹತ್ತದ ಕಿಟಕಿಗಳು ಹೆಚ್ಚುತ್ತವೆ. ಮಣ್ಣಿನ ಗೋಡೆಗೆ ಗಿಲಾವು ಮಾಡಬಲ್ಲ ಕುಟುಂಬಗಳು, ತಲೆತಲಾಂತರದಿಂದ ಕಾಲುವೆ ತೋಡಿದ ಕುಟುಂಬಗಳು ಮನೆ ಮಾರಿ ದಕ್ಷಿಣಕ್ಕೆ ಸರಿಯುತ್ತವೆ. ನಗರಸಭೆ ಸುಮ್ಮನೆ ಕುಳಿತಿಲ್ಲ. ಸಾಮಾನ್ಯ ಆದಾಯದವರೂ ಮನೆ ಕೊಳ್ಳುವಂತಾಗಲೆಂದು 1990ರ ದಶಕದಲ್ಲಿ ನೈಋತ್ಯದ ಅಂಚಿನಲ್ಲಿ ತಿಯೆರಾ ಕೊಂತೆಂತಾ ಎಂಬ ಬಡಾವಣೆ ಮಾಡಿತು. ಹತ್ತು ಲಕ್ಷ ಡಾಲರಿಗಿಂತ ಹೆಚ್ಚಿನ ಬೆಲೆಯ ಮನೆ ಮಾರಾಟದ ಮೇಲೆ ತೆರಿಗೆ ಹಾಕಿ, ಆ ಹಣವನ್ನು ಅಗ್ಗದ ಮನೆಗಳಿಗೆ ಬಳಸುವುದಕ್ಕೆ ಮತದಾರರು 2023ರಲ್ಲಿ ಒಪ್ಪಿಗೆ ಕೊಟ್ಟರು. ಅದು ನ್ಯಾಯಾಲಯದ ಮೆಟ್ಟಿಲೇರಿತು. ಆಲ್ಬುಕರ್ಕಿಯಲ್ಲಿ ಮನೆ ಮಾಡಿ ದಿನವೂ ನೂರು ಕಿಲೋಮೀಟರ್ ಓಡಾಡುವವರೂ ಇದ್ದಾರೆ; 2008ರ ಡಿಸೆಂಬರಿನಿಂದ ಅವರಿಗೆ ರೈಲಿನ ಅನುಕೂಲವಾಗಿದೆ.

ಹಾಗಾದರೆ ನಿಮ್ಮ ಮನೆ ಎಲ್ಲಿ? ನನ್ನನ್ನು ಕೇಳಿದರೆ, ದಕ್ಷಿಣದ ಆ ಹೊಸ ಬೀದಿಗಳತ್ತಲೇ ಬೆರಳು ತೋರಿಸುತ್ತೇನೆ. ಅಲ್ಲಿ ಮೆಕ್ಸಿಕೊದಿಂದ ಬಂದ ದುಡಿಯುವ ಕುಟುಂಬಗಳಿವೆ, ಆಡುವ ಮಕ್ಕಳಿದ್ದಾರೆ, ಸಾರ್ವಜನಿಕ ಗ್ರಂಥಾಲಯವಿದೆ. ಶಿಕ್ಷಕರಿಗೆ ತಮ್ಮ ವಿದ್ಯಾರ್ಥಿಗಳ ನೆರೆಯಲ್ಲಿ ಇರುವುದಕ್ಕಿಂತ ಒಳ್ಳೆಯ ವಿಳಾಸ ಯಾವುದಿದೆ? ಪ್ಲಾಜಾ ಎಂಬ ಹಳೆಯ ಚೌಕ, ಅದರ ಮಗ್ಗುಲಿನ ನಾಲ್ಕು ನೂರು ವರ್ಷದ ಅರಮನೆ ಎಲ್ಲೂ ಹೋಗುವುದಿಲ್ಲ. ರಜೆಯ ದಿನ ಬಸ್ಸು ಹತ್ತಿ ಹೋಗಿ ನೋಡಿಬರಬಹುದು. ನಿಮ್ಮ ಉತ್ತರ ಬೇರೆಯಾಗಿದ್ದರೂ ಚಿಂತೆಯಿಲ್ಲ. ಆದರೆ ಉತ್ತರಕ್ಕೆ ಮೊದಲು ನಾಲ್ಕು ಪ್ರಶ್ನೆ ಕೇಳಿಕೊಂಡಿರಬೇಕು. ಇಲ್ಲಿನ ನೀರು ಯಾರ ಪಾಲಿನದು? ಈ ನೆಲದಲ್ಲಿ ಹಿಂದೆ ಏನು ನಡೆದಿತ್ತು? ಈ ಗೋಡೆಯನ್ನು ಕಾಯಲು ನನಗೆ ಬರುತ್ತದೆಯೇ? ನಾನು ಬಂದರೆ ಇಲ್ಲಿಂದ ಯಾರು ಹೊರಡಬೇಕಾಗುತ್ತದೆ?

ಮುಂದಿನ ಭಾನುವಾರ ನಿಮ್ಮ ಊರಿನ ನಕ್ಷೆಯನ್ನೇ ತೆಗೆದು ಮುಂದಿಟ್ಟುಕೊಳ್ಳಿ. ನಿಮ್ಮ ಬಡಾವಣೆಯ ಜಾಗದಲ್ಲಿ ಮೊದಲು ಕೆರೆಯಿತ್ತೋ, ಗೋಮಾಳವಿತ್ತೋ, ಯಾರದೋ ತೋಟವಿತ್ತೋ ಎಂದು ಮನೆಯ ಹಿರಿಯರನ್ನು, ಬೀದಿಯ ಹಿರಿಯರನ್ನು ಕೇಳಿ. ಅವರು ಹೇಳಿದ್ದನ್ನು ನಕ್ಷೆಯ ಅಂಚಿನಲ್ಲಿ ಬರೆದಿಡಿ. ಅಚ್ಚಾದ ನಕ್ಷೆಯಲ್ಲಿ ಇಲ್ಲದ ಭೂಗೋಳ ಅಲ್ಲಿ ಸಿಗುತ್ತದೆ.