ಕುಟುಂಬದ ಪರವಾಗಿ



ತೀರಿಕೊಂಡ ಅಜ್ಜಿಯಂದಿರನ್ನು ನೆನೆಯುವಾಗ ನಮ್ಮ ಬಾಯಲ್ಲಿ ಮೂರು ಮಾತುಗಳು ತಪ್ಪದೆ ಬರುತ್ತವೆ: ಸಹನೆ, ತ್ಯಾಗ, ಕೈರುಚಿ. ಕಳೆದ ಮಳೆಗಾಲದಲ್ಲಿ 96ನೆಯ ವಯಸ್ಸಿನಲ್ಲಿ ನಮ್ಮನ್ನು ಅಗಲಿದ ನನ್ನ ತಾಯಿಯ ತಾಯಿಯಲ್ಲಿ ಈ ಮೂರೂ ಇದ್ದವು. ಆದರೆ ಇಷ್ಟನ್ನೇ ಹೇಳಿ ಮುಗಿಸಿದರೆ ಅವರು ದುಡಿದದ್ದೂ, ಹಕ್ಕಿಗಾಗಿ ವಾದಿಸಿದ್ದೂ ಮರೆಯಾಗಿಬಿಡುತ್ತದೆ. ಗೇಣಿಗದ್ದೆಯಲ್ಲಿ ದುಡಿದವರಾಗಿ, ಬೀಡಿ ಕಾರ್ಮಿಕರಾಗಿ, ಒಂದು ಸರ್ಕಾರಿ ಅರ್ಜಿಯಲ್ಲಿ ಎರಡು ಪದಗಳನ್ನು ಸೇರಿಸಿದವರಾಗಿ ಅವರನ್ನು ಇಂದು ನೆನೆಯಬಯಸುತ್ತೇನೆ.

ನಮ್ಮದು ದಕ್ಷಿಣ ಕನ್ನಡದ ಬಿಲ್ಲವರ ಒಕ್ಕಲುಮನೆ. ಇದ್ದದ್ದು ಎರಡು ಎಕರೆ ಗದ್ದೆ, ಅದೂ ಚಾಲಗೇಣಿಯದು. ಮೂಲಗೇಣಿಯವರಿಗಿದ್ದ ಶಾಶ್ವತ ಹಕ್ಕು ಚಾಲಗೇಣಿಯವರಿಗೆ ಇರಲಿಲ್ಲ. ಧಣಿ ಬೇಡವೆಂದರೆ ಒಕ್ಕಲು ಎದ್ದು ಹೋಗಬೇಕಿತ್ತು. ಏಣೆಲು, ಸುಗ್ಗಿ ಎರಡೂ ಬೆಳೆಗಳಲ್ಲಿ ಗೇಣಿಯ ಮುಡಿಗಳನ್ನು ಕಟ್ಟಿ ಕೊಟ್ಟ ಮೇಲೆ ಉಳಿದ ಅಕ್ಕಿ ಮನೆಗೆ. ಇಂದು ಪರದೇಶದ ನಮ್ಮ ಸಂಘಗಳು ಆಟಿ ತಿಂಗಳನ್ನು ಹಬ್ಬವಾಗಿ ಆಚರಿಸಿ ಪತ್ರೊಡೆ ಸವಿಯುತ್ತವೆ. ಅಜ್ಜಿಗೆ ಆಟಿಯೆಂದರೆ ಅಕ್ಕಿಯ ಕಲ್ಲಿ ಬರಿದಾಗುವ ತಿಂಗಳು. ಕೆಸುವಿನ ಎಲೆಯೂ ಹಲಸಿನ ಬೀಜವೂ ಹಸಿವು ಕಲಿಸಿದ ಅಡುಗೆ. ಅವರ ಕೈರುಚಿಯನ್ನು ಹೊಗಳುವಾಗ ಇದನ್ನೂ ಹೇಳಬೇಕು.

ಗಂಡ ತೀರಿಕೊಂಡ ಮೇಲೆ ಅವರು ಮೂವರು ಹೆಣ್ಣುಮಕ್ಕಳೊಂದಿಗೆ ತವರಿಗೆ ಮರಳಿದರು. ಅಳಿಯಸಂತಾನದ ಕಟ್ಟಿನಲ್ಲಿ ಅದು ಆಶ್ರಯ ಬೇಡುವುದಲ್ಲ; ಕುಟುಂಬ ಹೆಣ್ಣಿನ ಸಂತತಿಯಲ್ಲಿಯೇ ಮುಂದುವರಿಯುವುದರಿಂದ ಅದು ಅವರದೇ ಮನೆ. ಹಾಗೆಂದು ಅಳಿಯಸಂತಾನವನ್ನು ಸ್ತ್ರೀರಾಜ್ಯವೆಂದು ಬಣ್ಣಿಸುವುದು ಸರಿಯಲ್ಲ. ಯಜಮಾನಿಕೆ ಬಹುಪಾಲು ಗಂಡಸರ ಕೈಯಲ್ಲಿಯೇ ಇರುತ್ತಿತ್ತು. ನಮ್ಮ ಮನೆಯ ಗೇಣಿ ಚೀಟಿಗಳೂ ಅಜ್ಜಿಯ ತಮ್ಮನ ಹೆಸರಿನಲ್ಲಿದ್ದವು.

ನೇಜಿ ನೆಟ್ಟು, ಕಳೆ ಕಿತ್ತು, ಪೈರು ಕೊಯ್ದು ಮನೆಗೆ ಬಂದ ಮೇಲೆ ಅಜ್ಜಿ ಬೀಡಿ ಕಟ್ಟಲು ಕೂರುತ್ತಿದ್ದರು. ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಳಿ ಸುತ್ತಿ, ನೂಲು ಕಟ್ಟಿದ ಸಾವಿರ ಬೀಡಿಗೆ ಇಷ್ಟೆಂದು ಕೂಲಿ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಬೀಡಿ ಕಟ್ಟುವವರನ್ನೂ ಕಾರ್ಮಿಕರೆಂದು ಗುರುತಿಸಿತು. ಮನೆಯವರು ಮಾತ್ರ ಅದನ್ನು ಬಿಡುವಿನ ಕೆಲಸವೆಂದೇ ಕರೆದರು. ನನ್ನ ತಾಯಿಯ ಶಾಲೆಯ ಶುಲ್ಕ ಬಂದದ್ದು ಆ ಬಿಡುವಿನಿಂದ.

ದೇವರಾಜ ಅರಸರ ಸರ್ಕಾರ ತಂದ ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿ ಜಮೀನು ಸರ್ಕಾರದಲ್ಲಿ ನಿಹಿತವಾಯಿತು. ಒಕ್ಕಲುಗಳು ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿ ಭೂ ನ್ಯಾಯಮಂಡಳಿಯ ಮುಂದೆ ಹಕ್ಕು ಕೇಳಬೇಕಿತ್ತು. ಕರಾವಳಿಯ ಸಾವಿರಾರು ಮನೆಗಳ ತಲೆಯನ್ನು ಎತ್ತಿ ನಿಲ್ಲಿಸಿದ ಕಾನೂನು ಅದು. ಆದರೆ ಅದರ ಘೋಷಣೆ 'ಉಳುವವನೇ ಹೊಲದೊಡೆಯ' ಎಂದಿತ್ತು. ನೇಜಿ ನೆಡುವವಳ ಮಾತು ಆ ಘೋಷಣೆಯಲ್ಲಿ ಇರಲಿಲ್ಲ.

ಅಜ್ಜಿಗೆ ಓದು ಬರುತ್ತಿರಲಿಲ್ಲ, ಲೋಕ ತಿಳಿದಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ನಂತರ ಅಳಿಯಸಂತಾನದ ಗಂಡಸು ತೀರಿಕೊಂಡರೆ ಅವನ ಪಾಲು ಅವನ ಹೆಂಡತಿ ಮಕ್ಕಳಿಗೂ ಸಲ್ಲುತ್ತಿತ್ತು. ಅದು ನ್ಯಾಯವೇ. ಆದರೆ ಇಡೀ ಗದ್ದೆ ತಮ್ಮನೊಬ್ಬನ ಸ್ವಂತ ಹಕ್ಕೆಂದು ದಾಖಲಾದರೆ, ಅದರಲ್ಲಿ ದುಡಿದ ಅಕ್ಕನಿಗೂ ಅವಳ ಮಕ್ಕಳಿಗೂ ಏನು ಉಳಿದೀತು? ಅರ್ಜಿ ಬರೆಯುತ್ತಿದ್ದಾಗ ಅವರು ಪಟ್ಟು ಹಿಡಿದು, ತಮ್ಮನ ಹೆಸರಿನ ಮುಂದೆ 'ಕುಟುಂಬದ ಪರವಾಗಿ' ಎಂದು ಬರೆಸಿದರು. ತಮ್ಮ ಮುನಿಸಿಕೊಂಡಾಗ ತುಳುವಿನಲ್ಲಿ ಹೇಳಿದ್ದಿಷ್ಟು: "ನಿನ್ನ ಮೇಲೆ ನನಗೆ ಸಂಶಯವಿಲ್ಲ ಮಾರಾಯ. ನೀನೂ ನಾನೂ ಹೋದ ಮೇಲೆ ಮಾತನಾಡುವುದು ಕಾಗದ."

ಕಾಗದ ಮಾತನಾಡಿತು. ಮೂವತ್ತು ವರ್ಷಗಳ ನಂತರ, ಅವರ ತಮ್ಮ ತೀರಿಕೊಂಡ ಮೇಲೆ ಪಾಲಿನ ಪ್ರಶ್ನೆ ಎದ್ದಿತು. ಮದುವೆಯಾಗಿ ಹೋದ ಹೆಣ್ಣುಮಕ್ಕಳು ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಲೆಂದು ಬಂಧುಗಳೇ ಸಲಹೆ ಕೊಟ್ಟರು. ಆಗ ತಾಲ್ಲೂಕು ಕಚೇರಿಯಿಂದ ನಮೂನೆ 7ರ ದೃಢೀಕೃತ ನಕಲು ತರಿಸಿದವರು ಎಂಬತ್ತರ ಸಮೀಪದಲ್ಲಿದ್ದ ಅಜ್ಜಿ. ಜಗಳ ನ್ಯಾಯಾಲಯದವರೆಗೆ ಹೋಗಲಿಲ್ಲ. ನನ್ನ ತಾಯಿಗೂ ಇಬ್ಬರು ಚಿಕ್ಕಮ್ಮಂದಿರಿಗೂ ಪಾಲು ದೊರೆಯಿತು. ತಮ್ಮನ ಮಕ್ಕಳು ಇಂದಿಗೂ ನಮ್ಮ ಮನೆಗೆ ಬರುತ್ತಾರೆ, ಉಣ್ಣುತ್ತಾರೆ. ಹಕ್ಕು ಕೇಳಿದರೆ ಸಂಬಂಧ ಕೆಡುತ್ತದೆ ಎಂಬ ಮಾತನ್ನು ಅಜ್ಜಿ ಒಪ್ಪಿದವರಲ್ಲ. ಹಕ್ಕು ನುಂಗಿ ಉಳಿಸಿಕೊಂಡ ಸಂಬಂಧ ಒಳಗೇ ಕೊಳೆಯುತ್ತದೆ ಎನ್ನುತ್ತಿದ್ದರು.

ಈ ಕಥೆಯನ್ನು ನಿಮ್ಮ ಮುಂದೆ ಹೇಳಲು ಕಾರಣವಿದೆ. ಊರಿನ ಆಸ್ತಿಯ ಪತ್ರಗಳು ಈಗ ವಾಟ್ಸಾಪ್‌ನಲ್ಲಿ ನಮ್ಮೆಡೆಗೆ ಬರುತ್ತವೆ. ರಾಯಭಾರ ಕಚೇರಿಯಲ್ಲಿ ಮುದ್ರೆ ಹಾಕಿಸಿದ ಅಧಿಕಾರಪತ್ರಗಳು ನಮ್ಮಿಂದ ಊರಿಗೆ ಹೋಗುತ್ತವೆ. ಸಭೆಗಳಲ್ಲಿ ಸಮಾನತೆಯ ಬಗ್ಗೆ ಮಾತನಾಡುವ ನಮ್ಮ ಮನೆಗಳಲ್ಲಿಯೇ ಅಕ್ಕತಂಗಿಯರು "ಅಣ್ಣ ಬೇಸರಪಟ್ಟಾನು" ಎಂದು ಸಹಿ ಹಾಕುತ್ತಿದ್ದಾರೆ. 2005ರ ತಿದ್ದುಪಡಿ ಹಿಂದೂ ಅವಿಭಕ್ತ ಕುಟುಂಬದ ಹೆಣ್ಣುಮಕ್ಕಳಿಗೆ ಜನ್ಮಸಿದ್ಧ ಹಕ್ಕನ್ನು ಕೊಟ್ಟಿದೆ. ಒಲ್ಲದ ಮನಸ್ಸಿನ ಒಂದು ಸಹಿಯಿಂದ ಅದು ಕೈಬಿಟ್ಟು ಹೋಗುತ್ತದೆ.

ನಿಮ್ಮ ಮನೆಯಲ್ಲಿ ಹಿರಿಯ ಹೆಂಗಸರು ಇನ್ನೂ ಇದ್ದರೆ ಅಡುಗೆಯ ಜೊತೆಗೆ ಗದ್ದೆಯ ಬಗ್ಗೆ, ಕೂಲಿಯ ಬಗ್ಗೆ, ಎಲ್ಲೆಲ್ಲಿ ಹೆಬ್ಬೆಟ್ಟು ಒತ್ತಿದರೆಂಬ ಬಗ್ಗೆಯೂ ಕೇಳಿ ಬರೆದಿಡಿ. ಮುಂದಿನ ಬಾರಿ ಊರಿಂದ ಪಾಲುಪಟ್ಟಿಯ ಕರಡು ಬಂದಾಗ ನಿಮ್ಮ ಸಹಿ ಹಾಕುವ ಮೊದಲು ಅದರಲ್ಲಿ ಅಕ್ಕತಂಗಿಯರ ಹೆಸರುಗಳಿವೆಯೇ ಎಂದು ಓದಿ ನೋಡಿ. ಇಲ್ಲವಾದರೆ ಬರೆಸಿ.