ಕಣ್ಣಿನ ಬಗ್ಗೆ ನಾಲ್ಕು ಮಾತು

(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಇಪ್ಪತ್ತೈದು ವರ್ಷದಲ್ಲಿ ಸಂಘದ ಷೇರು ಎಷ್ಟಾಯಿತು, ಠೇವು ಎಷ್ಟಾಯಿತು, ಗೊಬ್ಬರ ಎಷ್ಟು ಮಾರಿದೆವು ಎಂಬುದನ್ನು ಕಾರ್ಯದರ್ಶಿಗಳು ಈಗಾಗಲೇ ಓದಿದ್ದಾರೆ. ಅದನ್ನೇ ಮತ್ತೆ ಹೇಳಿ ನಿಮ್ಮ ಹೊತ್ತು ಕಳೆಯುವುದಿಲ್ಲ. ನಾವು ಕಲಿತದ್ದು ಎಸ್.ಎಸ್.ಎಲ್.ಸಿ., ಮಾಡುವುದು ಒಕ್ಕಲುತನ. ಡಾಕ್ಟರ ವಿಷಯ ಹೇಳಾಕ ಇವನ್ಯಾವ ಶಾಣ್ಯಾ ಎಂದು ನೀವು ಅಂದರೂ ಅನ್ನಬಹುದು. ಆದರೂ ಕಣ್ಣಿನ ಬಗ್ಗೆ ಹೇಳಲೇಬೇಕೆಂದು ನಿಂತಿದ್ದೇವೆ.

ನಮ್ಮ ಸಂಘದ ಹಳೆಯ ವಹಿಗಳನ್ನು ತಿರುವಿ ಹಾಕಿದರೆ ಒಂದು ಸಂಗತಿ ಕಾಣುತ್ತದೆ. ಮೊದಲು ದುಂಡಗೆ ಸಹಿ ಮಾಡುತ್ತಿದ್ದ ಹಿರಿಯರೊಬ್ಬರ ಸಹಿ ಕೆಲವು ವರ್ಷದ ಮೇಲೆ ಗೆರೆ ಬಿಟ್ಟು ಕೆಳಗಿಳಿಯುತ್ತದೆ. ಆಮೇಲೆ ಅದರ ಜಾಗದಲ್ಲಿ ಹೆಬ್ಬೆಟ್ಟು. "ಏನ್ ಕಾಕಾ, ಸಹಿ ಮರ್ತ್ರೇನು?" ಎಂದು ನಾವು ಕೌಂಟರಿನಲ್ಲಿ ನಗಾಡಿದ್ದುಂಟು. "ವಯಸ್ಸಾತಪಾ" ಎಂದು ಅವರೂ ನಕ್ಕರು. ಕಣ್ಣು ಹೋಗುತ್ತಿದೆ ಎಂದು ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ಸಾಲ ಕೊಡುವಾಗ ಹೊಲದ ಉತಾರ ನೋಡ್ತೀವಿ, ಜಾಮೀನು ನೋಡ್ತೀವಿ, ಮನುಷ್ಯಾನ ಕಣ್ಣು ನೋಡೂದಿಲ್ಲ.

ಊರಿನವರ ಮಾತೇಕೆ, ನಮ್ಮ ಮನೆಯದನ್ನೇ ಹೇಳುತ್ತೇವೆ. ನಮ್ಮ ಅವ್ವ ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಳ್ಳತೊಡಗಿದಳು. ಎದುರಿಗೆ ನಿಂತವರ ಗುರುತು ಹತ್ತುತ್ತಿತ್ತು, ಜೋಳ ಹಸನು ಮಾಡುವಾಗ ಕಲ್ಲು ಆರಿಸುತ್ತಿದ್ದಳು. ಆದರೆ ಮಗ್ಗುಲಿಗೆ ಬಂದ ಎಮ್ಮೆ ಕಾಣುತ್ತಿರಲಿಲ್ಲ. 'ಮೋತಿಬಿಂದು ಬಂದೈತಿ, ಪೊರಿ ಇನ್ನಾ ಕಾಯಿ ಐತಿ, ಹಣ್ಣಾಗಲಿ, ಆಮ್ಯಾಲೆ ತಗಸಿದ್ರಾತು' ಎಂದು ತೀರ್ಮಾನವಾಯಿತು. ಈ ತೀರ್ಮಾನ ಡಾಕ್ಟರದಲ್ಲ, ಕಟ್ಟೆಯ ಮೇಲೆ ಕುಂತ ನಾಲ್ಕು ಮಂದಿಯದು. ಅದರಲ್ಲಿ ನಾವೂ ಒಬ್ಬರು.

ಹಣ್ಣಾಗಲಿ ಎಂಬ ಮಾತು ಪೂರಾ ಸುಳ್ಳೇನಲ್ಲ, ಅದು ನಮ್ಮ ಅಜ್ಜನ ಕಾಲದ ಮಾತು. ಆಗ ಕಣ್ಣಿನ ಮಸೂರವನ್ನೇ ಇಡಿಯಾಗಿ ತೆಗೆದು, ದಪ್ಪನೆಯ ಚಾಳೀಸು ಕೊಡುತ್ತಿದ್ದರು. ನಮ್ಮ ಅಜ್ಜನ ಚಾಳೀಸನ್ನು ಒಮ್ಮೆ ಎತ್ತು ತುಳಿಯಿತು. ಹೊಸದು ಬರುವತನಕ ಅಜ್ಜ ಪಡಸಾಲೆ ಬಿಟ್ಟು ಇಳಿಯಲಿಲ್ಲ. ಈಗ ಪೊರೆ ತೆಗೆದು ಒಳಗೇ ಸಣ್ಣ ಮಸೂರ ಕೂರಿಸುತ್ತಾರೆ, ಸಾಮಾನ್ಯವಾಗಿ ಅದೇ ದಿನ ಇಲ್ಲವೇ ಮರುದಿನ ಮನೆಗೆ ಕಳಿಸುತ್ತಾರೆ. ಹಣ್ಣಾಗಲಿ ಎಂದು ಕಾಯುವ ಕಾರಣವಿಲ್ಲ. ಬಹಳ ಬಲಿತರೆ ಆಪರೇಶನ್ನೇ ತ್ರಾಸಾಗುತ್ತದೆ.

ನಾವು ಕಾದೆವು. ಒಂದು ವರ್ಷ ಕಬ್ಬು ಕಡಿಯುವ ಗ್ಯಾಂಗ್ ಸಿಗದೆ ಓಡಾಟ. ಒಂದು ವರ್ಷ ಮನೆಯಲ್ಲಿ ಲಗ್ನ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿದ್ದು ಯಾರಿಗೂ ಹೇಳಬೇಕಾಗಿಲ್ಲ. ಮರುವರ್ಷ ಕೊರೋನಾ. ಅವ್ವ ಮಾತ್ರ ತನ್ನ ತಯಾರಿ ಬಿಟ್ಟಿರಲಿಲ್ಲ. ಎಮ್ಮೆ ಹಾಲಿನ ರೊಕ್ಕದಲ್ಲಿ ಉಳಿಸಿ 'ಕಣ್ಣಿನ ಆಪರೇಶನ್ನಿಗೆ' ಎಂದು ಇದೇ ಸಂಘದಲ್ಲಿ ಠೇವು ಇಟ್ಟಳು. ಯಲ್ಲಮ್ಮಗ ಬೆಳ್ಳಿ ಕಣ್ಣು ಕೊಡುವ ಹರಕೆಯನ್ನೂ ಹೊತ್ತಳು.

2021ರಲ್ಲಿ ಕೊನೆಗೂ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದೆವು. ಡಾಕ್ಟರು ಬಹಳ ಹೊತ್ತು ನೋಡಿದರು. ಪೊರೆ ಸ್ವಲ್ಪ ಇದೆ, ಆದರೆ ಕಣ್ಣು ಕೆಡಿಸಿದ್ದು ಅದಲ್ಲ, ಇದು ಗ್ಲಾಕೋಮಾ ಎಂದರು. ನಮಗೆ ತಿಳಿದಂತೆ ಹೇಳುತ್ತೇವೆ. ಕಣ್ಣೊಳಗೆ ನೀರು ಹುಟ್ಟುತ್ತಿರುತ್ತದೆ, ಹರಿದು ಹೋಗುತ್ತಿರುತ್ತದೆ. ಹೋಗುವ ಕಾಲುವೆ ಕಟ್ಟಿದರೆ ಒಳಗೆ ಒತ್ತಡ ಏರುತ್ತದೆ, ಮಿದುಳಿಗೆ ಹೋಗುವ ಕಣ್ಣಿನ ನರ ಸೊರಗುತ್ತದೆ. ಹೆಚ್ಚಿನವರಿಗೆ ನೋವಿಲ್ಲ, ಕೆಂಪಿಲ್ಲ. ಮೊದಲು ಮಗ್ಗುಲಿನ ನೋಟ ಹೋಗುತ್ತದೆ, ನಡುವಿನದು ಕಟ್ಟಕಡೆಗೆ. ಎಮ್ಮೆ ಯಾಕೆ ಕಾಣುತ್ತಿರಲಿಲ್ಲ ಎಂಬುದು ನಮಗೆ ಆಗ ತಿಳಿಯಿತು. ಹನಿ ಹಾಕಿದರೆ, ಬೇಕಾದಲ್ಲಿ ಆಪರೇಶನ್ ಮಾಡಿದರೆ, ಉಳಿದ ನೋಟ ಉಳಿಸಿಕೊಳ್ಳಬಹುದು. ಹೋದದ್ದು ಮರಳುವುದಿಲ್ಲ.

ಬಸ್ಸಿನಲ್ಲಿ ಅವ್ವ ಕೇಳಿದ್ದು ಒಂದೇ ಮಾತು. "ಹಂಗಾರ ನನ್ನ ಠೇವು ಒಡಸೂದು ಬ್ಯಾಡೇನು?" ನಾವು ಉತ್ತರ ಕೊಡಲಿಲ್ಲ. ಆ ಠೇವು ಇನ್ನೂ ಸಂಘದಲ್ಲೇ ಐತಿ. ಅವ್ವ ಈಗ ನಮ್ಮ ಕೆರವಿನ ಸಪ್ಪಳದ ಮೇಲೆ ಗುರುತು ಹಿಡಿಯುತ್ತಾಳೆ.

ಈ ರೋಗ ರಕ್ತಸಂಬಂಧದಲ್ಲಿ ಬರಬಹುದು, ಮಕ್ಕಳೆಲ್ಲ ತೋರಿಸಿಕೊಳ್ಳಿ ಎಂದು ಅವರೇ ಹೇಳಿದರು. ನಮ್ಮನ್ನು ನೋಡಿದಾಗ ಒತ್ತಡ ಹೆಚ್ಚಿತ್ತು. ನಮಗೇನೂ ಆಗುತ್ತಿರಲಿಲ್ಲ, ಓದುವುದು ಬರೆಯುವುದು ಎಲ್ಲ ಸರಿ ಇತ್ತು. ಅಂದಿನಿಂದ ದಿನಾ ರಾತ್ರಿ ಹನಿ ಹಾಕಿಕೊಳ್ಳುತ್ತೇವೆ. ನಲವತ್ತಕ್ಕೆ ಬರುವುದೆಂದೇ ಕನ್ನಡಕಕ್ಕೆ ಚಾಳೀಸು ಅಂದರೋ ಏನೋ. ಸಂತೆಯಲ್ಲಿ ಚಾಳೀಸು ಕೊಂಡವರು ಅಷ್ಟಕ್ಕೇ ಬಿಡದೆ ಒಮ್ಮೆ ಕಣ್ಣಿನ ಒತ್ತಡವನ್ನೂ ನೋಡಿಸಬೇಕು. ಸಕ್ಕರೆ ಕಾಯಿಲೆ ಇದ್ದವರು ವರ್ಷಕ್ಕೊಮ್ಮೆ ಕಣ್ಣಿನ ಹಿಂಭಾಗದ ಪರದೆ ನೋಡಿಸಬೇಕು.

ಇನ್ನು ಹೊಲದ ಕೆಲಸ. ಕಬ್ಬಿನ ರವದಿ ಕಣ್ಣಿಗೆ ಬಡಿಯುತ್ತದೆ, ರಾಶಿ ಮಾಡುವಾಗ ಹೊಟ್ಟು ಬೀಳುತ್ತದೆ. ನಮ್ಮವರು ಏನು ಮಾಡುತ್ತಾರೆ? ಎದೆಹಾಲು ಹಿಂಡುತ್ತಾರೆ, ಔಡಲ ಎಣ್ಣೆ ಬಿಡುತ್ತಾರೆ, ನಾಲಗೆಯಿಂದ ಕಸ ತೆಗೆಯುವವರ ಹತ್ತಿರ ಹೋಗುತ್ತಾರೆ. ಇಲ್ಲವೇ ಅಂಗಡಿಯಲ್ಲಿ ಕೇಳಿ ಯಾವುದೋ ಹನಿ ತರುತ್ತಾರೆ. ಎಲೆ ಗೀರಿದ ಕಣ್ಣಿಗೆ ಬೂಷ್ಟು ಹತ್ತುವುದುಂಟು. ಅದರ ಮೇಲೆ ಸ್ಟೀರಾಯ್ಡ್ ಹನಿ ಬಿದ್ದರೆ ಎರಡು ದಿನ ಕೆಂಪು ಇಳಿದು ಆರಾಮ ಅನಿಸುತ್ತದೆ, ಒಳಗೆ ಹುಣ್ಣು ಬೆಳೆಯುತ್ತದೆ. ಮಾಯ್ದ ಮೇಲೆ ಕರಿಗುಡ್ಡೆಯ ಮೇಲೆ ಬಿಳಿ ಹೂವು ಉಳಿಯುತ್ತದೆ. ಕೆಟ್ಟ ಕಣ್ಣಿಗೆ ಬೇರೆಯವರು ದಾನ ಕೊಟ್ಟ ಕಣ್ಣಿನ ಕರಿಗುಡ್ಡೆಯೇ ಬೇಕಾಗುತ್ತದೆ. ಸ್ವಚ್ಛ ನೀರಿನಲ್ಲಿ ತೊಳೆದು ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗ್ರಿ, ಅಷ್ಟು ಸಾಕು. ಗ್ಯಾಂಗಿನವರಿಗೆ ಬಯಲು ಚಾಳೀಸು ಕೊಟ್ಟರೆ ಹೋಗುವ ರೊಕ್ಕ ಅಷ್ಟರಲ್ಲೇ ಐತಿ.

2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಐವತ್ತು ದಾಟಿದ ನೂರು ಮಂದಿಯಲ್ಲಿ ಸುಮಾರು ಇಬ್ಬರು ಕುರುಡರು. ಆ ಕುರುಡಿನ ಮೂರರಲ್ಲಿ ಎರಡು ಪಾಲಿಗೆ ಕಾರಣ ಪೊರೆ, ಅಂದರೆ ತೆಗೆಸಿದರೆ ಹೋಗುವಂಥದು. ನಮ್ಮ ಸೀಮೆಗೆ ಇದು ಹೊಸ ಕೆಲಸವಲ್ಲ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರು ತಿರುಗಿ ಶಿಬಿರ ಮಾಡಿದರು. 1968ರಲ್ಲಿ ಒಂದೇ ದಿನ 833 ಪೊರೆ ಆಪರೇಶನ್ ಮಾಡಿದ್ದು ದಾಖಲೆಯಾಯಿತು. 2005ರಲ್ಲಿ ತೀರಿಕೊಂಡರು. ಅಂಥವರು ಊರಿಗೇ ಬರುತ್ತಿದ್ದರು. ಈಗ ಹುಬ್ಬಳ್ಳಿ, ಬೆಳಗಾವಿಯಲ್ಲಿ ದೊಡ್ಡ ದವಾಖಾನೆಗಳಿವೆ, ಆದರೆ ಕಣ್ಣು ಕಾಣದ ಮುದುಕಿ ಎರಡು ಬಸ್ಸು ಬದಲಿಸಿ ಹೋಗುವುದು ಹೇಗೆ? ಒಬ್ಬರು ಕೈ ಹಿಡಿದು ಹೋಗಬೇಕು, ಅವರ ಪಗಾರ ಮುಳುಗುತ್ತದೆ. ದವಾಖಾನೆಯ ಬಿಲ್ಲಿಗಿಂತ ಈ ಒಂದು ದಿನವೇ ಬಡವರನ್ನು ತಡೆಯುತ್ತದೆ ಎಂಬುದು ನಮ್ಮ ಅನುಭವ.

ಸಹಕಾರಿಗಳಿಗಾಗಿಯೇ 2003ರಲ್ಲಿ ಯಶಸ್ವಿನಿ ಬಂತು, ಆಗ ತಲೆಗೆ ವರ್ಷಕ್ಕೆ 60 ರೂಪಾಯಿ. 2018ರಲ್ಲಿ ನಿಂತಿತು, 2022–23ರಲ್ಲಿ ಮತ್ತೆ ಸುರುವಾಯಿತು, ಹಳ್ಳಿಯ ನಾಲ್ಕು ಮಂದಿಯ ಕುಟುಂಬಕ್ಕೆ 500 ರೂಪಾಯಿ. ನೋಂದಣಿ ನಮ್ಮಂಥ ಸಂಘದ ಮೂಲಕವೇ. ಕಡೆಯ ದಿನ ದಾಟಿದ ಮೇಲೆ ಬಂದು ಜಗಳಾಡುವವರು ಈಗಲೇ ಕೇಳಿಸಿಕೊಳ್ರಿ.

ಕಾರ್ಯದರ್ಶಿಗಳ ಮೇಜಿನ ಮೇಲೆ ಒಂದು ವಹಿ ಇಟ್ಟಿದ್ದೇವೆ. ಮನೆಯಲ್ಲಿ ಮಸಕು ಕಾಣುವವರ ಹೆಸರು ಬರೆಸ್ರಿ. ಹತ್ತು ಹೆಸರಾದರೆ ಒಂದು ಗಾಡಿ ಹೊರಡಿಸುವುದು, ಬಾಡಿಗೆ ಸಂಘದ್ದು, ಜತೆಗೆ ನಾವು ನಿರ್ದೇಶಕರಲ್ಲಿ ಒಬ್ಬರು ಹೋಗುವುದು ಎಂದು ಮಾತಾಗಿದೆ. ಬರುವಾಗ ಹಳೆ ಚೀಟಿ, ಹಾಕುತ್ತಿರುವ ಹನಿಯ ಬಾಟಲಿ ತರ್ರಿ. ಊಟಕ್ಕೆ ಎಲೆ ಹಾಕಿದ್ದಾರಂತೆ.